ಕಪ್ ಅಳತೆಯ ಹಾಲು, ಎಣ್ಣೆ, ಜೇನು ಗ್ರಾಂನಲ್ಲಿ ಎಷ್ಟು?

ಅಕ್ಕಾ, ನೀವು ಕೇಳಿದ್ದು ಇಷ್ಟು ಅಲ್ವಾ: ಮೊಟ್ಟೆ ಹಾಕದ ಕೇಕಿಗೆ 1 ಕಪ್ ಹಾಲು, ಅರ್ಧ ಕಪ್ ಎಣ್ಣೆ, ಕಾಲು ಕಪ್ ಜೇನುತುಪ್ಪ ಬೇಕು, ಕಪ್ ಅಂದರೆ 240 ಎಂಎಲ್, ಹಾಗಾದರೆ ತಕ್ಕಡಿಯಲ್ಲಿ 240, 120, 60 ಗ್ರಾಂ ತೂಗಿದರೆ ಸಾಕಾ ಅಂತ. ಹಾಲಿಗೆ ಸಾಕು. ಎಣ್ಣೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಜೇನಿನ ಲೆಕ್ಕ ಮಾತ್ರ ಪೂರ್ತಿ ತಪ್ಪುತ್ತದೆ.

ಎಂಎಲ್ಲೂ ಗ್ರಾಮೂ ಒಂದೇ ಆಗುವುದು ನೀರಿಗೆ. ಹಾಲು ಅದಕ್ಕಿಂತ ಒಂಚೂರು ಭಾರ, ಡೈರಿಯ ಲ್ಯಾಕ್ಟೋಮೀಟರ್ 28 ತೋರಿಸಿತು ಅಂದರೆ ಲೀಟರಿಗೆ 1028 ಗ್ರಾಂ ಅಂತಲೇ ಲೆಕ್ಕ, ಹಾಗಾಗಿ ನಿಮ್ಮ ಕಪ್ ಹಾಲು 247 ಗ್ರಾಂ. ಆ 7 ಗ್ರಾಂಗೆ ತಲೆ ಕೆಡಿಸಿಕೊಳ್ಳಬೇಡಿ. ಮಜ್ಜಿಗೆ, ಹುಣಸೆ ನೀರು, ತೆಂಗಿನ ಹಾಲು ಎಲ್ಲವನ್ನೂ ನೀರು ಅಂದುಕೊಂಡೇ ತೂಗಿ.

ಎಣ್ಣೆ ನೀರಿಗಿಂತ ಹಗುರ. ಮನೆಯಲ್ಲಿರುವ ಒಂದು ಲೀಟರ್ ಪ್ಯಾಕೆಟ್ ತಿರುಗಿಸಿ ನೋಡಿ, 910 ಗ್ರಾಂ ಅಂತ ಅಲ್ಲೇ ಬರೆದಿರುತ್ತದೆ. ಎಂಎಲ್ ಅನ್ನು 0.91ರಿಂದ ಗುಣಿಸಿ, ಅರ್ಧ ಕಪ್ಪಿಗೆ 110 ಗ್ರಾಂ ಸಾಕು. ಕರಗಿದ ತುಪ್ಪಕ್ಕೂ ಇದೇ ಲೆಕ್ಕ. ಗಟ್ಟಿ ತುಪ್ಪವನ್ನು ಕಪ್ಪಿಗೆ ತುಂಬಿದರೆ ಮಧ್ಯೆ ಗಾಳಿ ಸೇರಿಕೊಂಡು ಅಳತೆ ಒಂದೊಂದು ಸಲ ಒಂದೊಂದು ಥರ ಬರುತ್ತದೆ, ತೂಗಿದರೆ ಆ ಗೋಳೇ ಇಲ್ಲ.

ಇನ್ನು ಜೇನು. ಎಂಎಲ್ಲಿಗೆ ಹೆಚ್ಚುಕಡಿಮೆ 1.4 ಗ್ರಾಂ ತೂಗುತ್ತದೆ, ಅಂದರೆ ಕಾಲು ಕಪ್ಪಿಗೆ 84 ಗ್ರಾಂ. ನೀವು 60 ಗ್ರಾಂ ಹಾಕಿದರೆ ಬೀಳುವುದು 43 ಎಂಎಲ್ ಅಷ್ಟೇ, ಸಿಹಿ ಕಡಿಮೆ, ಕೇಕೂ ಒಣಕಲು. ಕಂಡೆನ್ಸ್ಡ್ ಮಿಲ್ಕ್ 1.3ರ ಆಸುಪಾಸು, 400 ಗ್ರಾಂ ಡಬ್ಬಿಯಲ್ಲಿ ಇರುವುದು 300 ಎಂಎಲ್ಲಿಗಿಂತ ತುಸು ಜಾಸ್ತಿ. ಜೋನಿ ಬೆಲ್ಲಕ್ಕೆ ಒಂದೇ ಸಂಖ್ಯೆ ಹೇಳಲು ಬರುವುದಿಲ್ಲ, ಆಲೆಮನೆಯವರು ಎಷ್ಟು ಕಾಯಿಸಿದ್ದಾರೋ ಅಷ್ಟು ಗಟ್ಟಿ.

ಅಂಥದ್ದಕ್ಕೆ ಮನೆಯಲ್ಲೇ ಲೆಕ್ಕ ತೆಗೆಯಬಹುದು. ಒಂದು ಸಣ್ಣ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ, ತೂಕ ಬರೆದುಕೊಳ್ಳಿ. ಲೋಟ ಒರೆಸಿ ಅದೇ ಅಂಚಿನವರೆಗೆ ಜೋನಿ ಬೆಲ್ಲ ತುಂಬಿ ಮತ್ತೆ ತೂಗಿ. ನೀರು 100 ಗ್ರಾಂ, ಬೆಲ್ಲ 136 ಬಂದರೆ ಆ ಡಬ್ಬಿಗೆ 1.36 ಅಂತ ಚೀಟಿ ಅಂಟಿಸಿಬಿಡಿ.

ತಕ್ಕಡಿಯಲ್ಲಿ ಎಂಎಲ್ ಬಟನ್ ಇದೆಯಲ್ಲ ಅಂತ ಕೆಳಗೆ ಒಬ್ಬರು ಬರೆದಿದ್ದಾರೆ. ಅದು ತೂಗುವುದು ತೂಕವನ್ನೇ, ಬಹಳಷ್ಟರಲ್ಲಿ ಸುಮ್ನೆ ನೀರಿನ ಲೆಕ್ಕದಲ್ಲಿ ಎಂಎಲ್ ಅಂತ ತೋರಿಸುತ್ತದೆ. ಕೆಲವದರಲ್ಲಿ ಹಾಲಿಗೆ ಬೇರೆ ಬಟನ್ ಇರುತ್ತದೆ. ಎಣ್ಣೆಗೂ ಜೇನಿಗೂ ಅದನ್ನು ನಂಬಬೇಡಿ.

ರೆಸಿಪಿ ಯಾವ ದೇಶದ್ದು ಅಂತಲೂ ನೋಡಿ. ಅಮೆರಿಕದವರ ಕಪ್ ಸುಮಾರು 240 ಎಂಎಲ್, ಆಸ್ಟ್ರೇಲಿಯಾದವರದ್ದು 250. ಅವರ ಟೇಬಲ್ ಚಮಚ 20 ಎಂಎಲ್ ಬೇರೆ, ಉಳಿದ ಕಡೆ 15.

ತೂಗುವಾಗ ಕೇಕ್ ಕಲಸುವ ಪಾತ್ರೆಯನ್ನೇ ತಕ್ಕಡಿ ಮೇಲಿಡಿ, ಒಂದೊಂದು ಹಾಕಿದ ಮೇಲೂ ಸೊನ್ನೆ ಮಾಡುತ್ತಾ ಹೋಗಿ. ಜೇನು ಅಂಟಿದ ಕಪ್ ಕೆರೆಯುವ ಕೆಲಸ ತಪ್ಪುತ್ತದೆ. ಕೈ ಮುಂದಾದರೆ ತೆಗೆಯುವುದು ಕಷ್ಟ, ಅದಕ್ಕೇ ಜೇನನ್ನು ನಿಧಾನ ಸುರಿಯಿರಿ. ವೆನಿಲ್ಲಾ ಎಸೆನ್ಸ್, ವಿನೆಗರ್ ಥರದವು ಒಂದು ಚಮಚ ಇದ್ದರೆ ಚಮಚದಲ್ಲೇ ಹಾಕಿ, ಅಡುಗೆಮನೆ ತಕ್ಕಡಿಗೆ ಒಂದೆರಡು ಗ್ರಾಂ ಸರಿಯಾಗಿ ಗೊತ್ತಾಗುವುದಿಲ್ಲ.