ಪ್ರೋಟೀನ್ ಎನ್ ತುದಿಯಿಂದ ಶುರುವಾದರೆ, ವಿಕಿರಣ ಮೊದಲು ಸಿ ತುದಿಯಲ್ಲಿ ಕಂಡಿದ್ದು ಯಾಕೆ?

ನೀವು ಕೇಳಿರುವುದು ವಿಜ್ಞಾನಿ ಹೊವಾರ್ಡ್ ಡಿಂಟ್ಜಿಸ್ 1961ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿದ ಸರಪಳಿ, ಅದರ ಎರಡು ತುದಿಗಳ ಹೆಸರೇ ಎನ್ ಮತ್ತು ಸಿ. ರೇಡಿಯೋಆಕ್ಟಿವ್ ಲ್ಯೂಸಿನ್ (ಒಂದು ಅಮೈನೋ ಆಮ್ಲ) ಹಾಕಿದ ಮೇಲೆ ಅದು ಮೊದಲು ಸಿ ತುದಿಯಲ್ಲಿ ಕಂಡಿತು, ಹಾಗಾದರೆ ಕಟ್ಟುವುದು ಅಲ್ಲಿಂದಲೇ ಶುರುವಾಗಬೇಕಲ್ವಾ ಅಂತ. ಎಂಎಸ್ಸಿ ವೈವಾದಲ್ಲಿ ನಾನೂ ಇದನ್ನೇ ಹೇಳಿ ಬೈಸಿಕೊಂಡಿದ್ದೆ.

ಇದು ತಲೆಗೆ ಹತ್ತಿದ್ದು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ. ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ, ಹೂವಿಗೆ ಭಾರಿ ಗಿರಾಕಿ. ಐದಾರು ಹೆಂಗಸರು ಸಾಲಾಗಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಒಬ್ಬರದು ಆಗಷ್ಟೇ ಶುರು, ಒಬ್ಬರದು ಅರ್ಧ, ಇನ್ನೊಬ್ಬರದು ಇನ್ನೇನು ಒಂದು ಮಾರು ಆಗಬೇಕು. ಅಷ್ಟರಲ್ಲಿ ಹುಡುಗ ಬಂದು, "ಮಲ್ಲಿಗೆ ಆಗೋಯ್ತು ಅಕ್ಕ, ಇನ್ಮೇಲೆ ಇದ್ರಲ್ಲೇ ಕಟ್ಟಿ" ಅಂತ ಕನಕಾಂಬರ ಸುರಿದ. ಐದು ನಿಮಿಷ ಬಿಟ್ಟು, ಕಟ್ಟಿ ಮುಗಿಸಿ ಬಾಳೆ ಎಲೆ ಮೇಲೆ ಇಟ್ಟ ಮಾಲೆಗಳನ್ನು ನೋಡಿದೆ. ಕನಕಾಂಬರ ಇದ್ದದ್ದು ಕೊನೆಯ ತುದಿಯಲ್ಲಿ ಮಾತ್ರ! ಶುರುವಿನ ತುದಿಯಲ್ಲೂ ಅದೇ ಇರುವ ಮಾಲೆ ಬೇಕಾದರೆ, ಹುಡುಗ ಬಂದ ಮೇಲೆ ಶುರು ಮಾಡಿದ್ದು ಮುಗಿಯುವ ತನಕ ಕಾಯಬೇಕು.

ಡಿಂಟ್ಜಿಸ್ ಎಣಿಸಿದ್ದೂ ಮುಗಿದ ಮಾಲೆಗಳನ್ನೇ, ಅಂದರೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಬಿಟ್ಟು ಹೊರಬಂದಿದ್ದ ಹಿಮೋಗ್ಲೋಬಿನ್ ಅನ್ನು. ಹೊಸ ಲ್ಯೂಸಿನ್ನೇ ಇಲ್ಲಿ ಕನಕಾಂಬರ, ಸಿ ತುದಿಯೇ ಮಾಲೆಯ ಕೊನೆ. ಈ ಒಂದು ಮಾತು ಬಿಟ್ಟುಹೋದರೆ ಇಡೀ ಪ್ರಯೋಗ ತಲೆಕೆಳಗಾಗಿ ಕಾಣುತ್ತದೆ.

ಬಳಸಿದ್ದು ಮೊಲದ ರೆಟಿಕ್ಯುಲೋಸೈಟ್. ಇನ್ನೂ ಪೂರ್ತಿ ಬಲಿಯದ ಕೆಂಪು ರಕ್ತಕಣ ಅದು, ಹೆಚ್ಚಾಗಿ ಹಿಮೋಗ್ಲೋಬಿನ್ ಒಂದನ್ನೇ ಮಾಡುತ್ತಿರುತ್ತದೆ. ಮೈ ಬಿಸಿಯಲ್ಲಿ ಕೆಲಸ ತೀರಾ ಬೇಗ ಮುಗಿಯುತ್ತದೆ, ಹಿಡಿಯಲು ಸಿಗುವುದಿಲ್ಲ. ಅದಕ್ಕೇ 15 ಡಿಗ್ರಿಗೆ ಇಳಿಸಿದರು. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನ ಚಳಿ ಅಂದುಕೊಳ್ಳಿ, ಯಾರ ಕೈಯೂ ಓಡುವುದಿಲ್ಲ. ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಇರುವ ಲ್ಯೂಸಿನ್ ಕೊಟ್ಟು ಬೇರೆ ಬೇರೆ ಹೊತ್ತಿಗೆ ನಿಲ್ಲಿಸಿ, ಟ್ರಿಪ್ಸಿನ್ ಎಂಬ ಕಿಣ್ವದಿಂದ ಸರಪಳಿ ಕತ್ತರಿಸಿ, ತುಂಡುಗಳನ್ನು ಕಾಗದದ ಮೇಲೆ ಬಿಡಿಸಿ ಅಳೆದರು.

ನನಗೆ ಜಾಸ್ತಿ ಇಷ್ಟವಾಗುವುದು ಇಲ್ಲಿ ಮಾಡಿದ ಜಾಣತನ. ಒಂದು ತುಂಡಿನಲ್ಲಿ ಲ್ಯೂಸಿನ್ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಬಿಡಿಸುವಾಗ ಕೆಲವು ತುಂಡು ಕಳೆದೂ ಹೋಗುತ್ತವೆ. ಸುಮ್ನೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಕಾರ್ಬನ್-14 (ವಿಕಿರಣ ಸೂಸುವ ಕಾರ್ಬನ್) ಇರುವ ಲ್ಯೂಸಿನ್ ಜೊತೆ ತುಂಬಾ ಹೊತ್ತು ಇಟ್ಟು, ಉದ್ದಕ್ಕೂ ಒಂದೇ ಸಮ ಲೇಬಲ್ ಮಾಡಿದ್ದ ಹಿಮೋಗ್ಲೋಬಿನ್ ಅನ್ನೂ ಮೊದಲೇ ಬೆರೆಸಿದರು. ತುಂಡು ಕಳೆದರೆ ಎರಡೂ ಒಂದೇ ಪಾಲಿನಲ್ಲಿ ಕಳೆಯುತ್ತವೆ. ಟ್ರಿಟಿಯಂ ಅನ್ನು ಕಾರ್ಬನ್-14ರಿಂದ ಭಾಗಿಸಿದರೆ ಆಯಿತು, ಆ ಗೊಂದಲವೆಲ್ಲ ಹೊಡೆದುಹೋಗುತ್ತದೆ.

ಗ್ರಾಫ್ ಬರೆಯುವಾಗ 4 ನಿಮಿಷದ ಗೆರೆ ಸಿ ತುದಿಯ ಕಡೆ ಏರಿರಬೇಕು, 60 ನಿಮಿಷದ್ದು ಹೆಚ್ಚು ಕಡಿಮೆ ಮಟ್ಟಸವಾಗಿರಬೇಕು. ಎನ್ ಎಡಕ್ಕೆ, ಸಿ ಬಲಕ್ಕೆ. ನಾನು ಅದನ್ನೂ ಅದಲುಬದಲು ಮಾಡಿದ್ದೆ.