ಹೊಟ್ಟೆಯ ಕ್ಯಾನ್ಸರ್ ಲೇಖನ: ಬಸ್ಸಾರಿನಿಂದ ಶುರು ಮಾಡಿ

ನಮಸ್ಕಾರ. ನಿಮ್ಮ ‘ಜೀನ್‌ನಲ್ಲೇ ಅಡಗಿದೆ ಹೊಟ್ಟೆಯ ಕ್ಯಾನ್ಸರ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲು ಆ ಶೀರ್ಷಿಕೆ ಕಿತ್ತುಹಾಕಿ.

ಎಂಟಿಎಚ್‌ಎಫ್‌ಆರ್ ಜೀನ್‌ನ 677ನೇ ಜಾಗದಲ್ಲಿ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಸಿ ಎಂಬ ಡಿಎನ್‌ಎ ಅಕ್ಷರದ ಬದಲು ಟಿ ಬಂದವರಲ್ಲಿ (ಟಿಟಿ) ‘ಶೇ. 50 ಜನರಿಗೆ ಕ್ಯಾನ್ಸರ್ ಬರುತ್ತದೆ’ ಎಂದು ಬರೆದಿದ್ದೀರಿ. ಎಲ್ಲಿಂದ ಬಂತು ಇದು? ನೀವು ನೋಡಿರುವುದು ‘ಅಪಾಯ ಸುಮಾರು ಒಂದೂವರೆ ಪಟ್ಟು’ ಎಂಬ ಲೆಕ್ಕ. ಅಂದರೆ ಸಾವಿರದಲ್ಲಿ 10 ಜನಕ್ಕೆ ಬರುತ್ತದೆ ಅಂದುಕೊಂಡರೆ, ಇವರಲ್ಲಿ 15 ಜನಕ್ಕೆ. 500 ಜನಕ್ಕಲ್ಲ! ಇದನ್ನು ಓದಿದವರು ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಿಗ್ಗೆ ಎದ್ದು ಸುಮ್ನೆ ದುಡ್ಡು ಸುರಿದು ಜೀನ್ ಟೆಸ್ಟ್ ಮಾಡಿಸುತ್ತಾರೆ.

ಬೇಜಾರೆಂದರೆ, ನಿಜವಾದ ಕತೆಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಈ ಜೀನ್ ತಯಾರಿಸುವ ಕಿಣ್ವ ಕಾಲುವೆಯ ತೂಬಿದ್ದ ಹಾಗೆ. ಸೊಪ್ಪಿನಲ್ಲಿ ಸಿಗುವ ಬಿ ವಿಟಮಿನ್ ಆದ ಫೋಲೇಟ್ ಒಂದು ಕಡೆ ಡಿಎನ್‌ಎ ಕಟ್ಟಲು ಬೇಕು, ಇನ್ನೊಂದು ಕಡೆ ಡಿಎನ್‌ಎ ಮೇಲೆ ಜೀನ್‌ಗಳನ್ನು ಹತೋಟಿಯಲ್ಲಿಡುವ ಮೀಥೈಲ್ ಗುರುತು ಹಾಕಲು ಬೇಕು. ಈ ತೂಬು ಅದನ್ನು ಎರಡನೇ ಕಡೆಗೆ ತಿರುಗಿಸುತ್ತದೆ. ಎರಡೂ ಟಿ ಇದ್ದವರಲ್ಲಿ ಅದರ ಕೆಲಸ ಮಾಮೂಲಿನ ಶೇ. 30ರಷ್ಟಕ್ಕೆ ಇಳಿಯುತ್ತದೆ. ಕಾಲುವೆ ತುಂಬಿದ್ದರೆ ಹೇಗೋ ನಡೆಯುತ್ತದೆ, ನೀರೇ ಕಡಿಮೆಯಾದರೆ ಆ ಕಡೆಯ ಗದ್ದೆ ಒಣಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ 2008ರ ವಿಶ್ಲೇಷಣೆಯಲ್ಲಿ ಕಂಡದ್ದೂ ಅದೇ: ಎರಡೂ ಟಿ ಇರುವವರ ಪೈಕಿ ಫೋಲೇಟ್ ಕಡಿಮೆ ಇದ್ದವರಲ್ಲಿ ಅಪಾಯ ಸುಮಾರು ಎರಡು ಪಟ್ಟು, ಜಾಸ್ತಿ ಇದ್ದವರಲ್ಲಿ ಹೆಚ್ಚಳವೇ ಕಾಣಲಿಲ್ಲ. ಇದಲ್ವಾ ಸುದ್ದಿ? ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಂತೂ ಇದೇ ‘ಕೆಟ್ಟ’ ಟಿಟಿ, ಫೋಲೇಟ್ ಸಾಕಷ್ಟಿದ್ದರೆ, ಅಪಾಯ ಕಡಿಮೆ ಇರುವವರ ಸಾಲಿಗೆ ಸೇರುತ್ತದೆ.

ಇನ್ನು ಹೊಟ್ಟೆಯಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿ ಹೆಸರೇ ಲೇಖನದಲ್ಲಿಲ್ಲ. ಮದುವೆ ವರದಿ ಬರೆದು ಮದುಮಗನನ್ನೇ ಬಿಟ್ಟ ಹಾಗಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಫೋಲಿಕ್ ಆಸಿಡ್ ಮಾತ್ರೆ ನುಂಗಿ ಎಂಬ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ, ಅದು ಡಾಕ್ಟರ್ ಹೇಳಬೇಕಾದ ಮಾತು.

ಒಂದು ಸಾಲು ಮಾತ್ರ ತುಂಬಾ ಇಷ್ಟವಾಯಿತು: ಅಮ್ಮ ಸೊಪ್ಪು ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುತ್ತಿದ್ದದ್ದು. ಸೊಪ್ಪು ಬೆಂದಾಗ ಫೋಲೇಟ್ ಒಂದಷ್ಟು ಬಿಸಿಗೆ ಹಾಳಾಗುತ್ತದೆ, ಒಂದಷ್ಟು ಆ ನೀರಿಗೇ ಇಳಿಯುತ್ತದೆ. ಅಲ್ಲಿಂದ ಶುರು ಮಾಡಿ. ಆದರೆ ಬಸ್ಸಾರು ಉಂಡರೆ ಕ್ಯಾನ್ಸರ್ ಬರುವುದಿಲ್ಲ ಅಂತ ಬರೆದು ಕಳಿಸಬೇಡಿ ಮತ್ತೆ! ಹದಿನೈದು ದಿನ ತಗೊಳ್ಳಿ, ಅವಸರವಿಲ್ಲ.