ಫಾಂಡ್ಯೂ: ಎಣ್ಣೆಯಲ್ಲೋ, ಸಾರಿನಲ್ಲೋ?

ನಮಸ್ಕಾರ. ಜ್ಯೂರಿಕ್‌ನ ನಿಮ್ಮ ಮನೆಗೆ ಕ್ರಿಸ್‌ಮಸ್‌ಗೆ ಆರು ಜನ ಬರುತ್ತಾರೆ, ಮಕ್ಕಳೂ ಇರುತ್ತಾರೆ, ಮಾಂಸದ ಫಾಂಡ್ಯೂ (ಮೇಜಿನ ಮೇಲಿನ ಬಿಸಿ ಪಾತ್ರೆಯಲ್ಲಿ ಅವರವರೇ ಮಾಂಸ ಅದ್ದಿ ಬೇಯಿಸಿಕೊಂಡು ತಿನ್ನುವ ಊಟ) ಎಣ್ಣೆಯಲ್ಲಿ ಮಾಡಬೇಕೋ ಸಾರಿನಲ್ಲೋ, ಅಂದರೆ ತಿಳಿಯಾದ ಬ್ರಾತ್‌ನಲ್ಲೋ, ಎಂದು ಕೇಳಿದ್ದೀರಿ.

ಸಾರಿನದ್ದೇ ಮಾಡಿ. ಸ್ವಿಟ್ಜರ್ಲೆಂಡಿನ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷ ಬಂತೆಂದರೆ ಇದೇ ಊಟ. ಹೆಸರು ಫಾಂಡ್ಯೂ ಶಿನ್ವಾಜ್. ಕಾಗದದಷ್ಟು ತೆಳ್ಳಗೆ ಕೊಯ್ದು ಸುರುಳಿ ಸುತ್ತಿದ ಮಾಂಸ ಅಂಗಡಿಯಲ್ಲೇ ಸಿಗುತ್ತದೆ. ತಲೆಗೆ 200ರಿಂದ 250 ಗ್ರಾಂ ಸಾಕು. ಮೇಜಿನ ನಡುವೆ ಸಾರು ಕುದಿಯುತ್ತಿರಬೇಕು. ಅವರವರ ಉದ್ದನೆಯ ಫೋರ್ಕಿಗೆ ಅವರವರೇ ಚುಚ್ಚಿ ಅದ್ದುತ್ತಾರೆ. ಬೇಯುವ ತನಕ ಸುಮ್ನೆ ಮಾತಾಡುತ್ತಾ ಕೂರುವುದೇ ಇದರ ಸುಖ, ಅಲ್ವಾ? ಜೊತೆಗೆ ಮಯೋನೀಸ್‌ನಿಂದ ಮಾಡಿದ ಕರಿ (curry) ಸಾಸ್, ಬೆಳ್ಳುಳ್ಳಿ ಸಾಸ್ ಇಡಿ. ಅನ್ನ ಅಥವಾ ಚಿಪ್ಸ್ ಇರಲಿ. ಕೊನೆಗೆ ಆ ಸಾರನ್ನು ಮಾತ್ರ ಚೆಲ್ಲಬೇಡಿ! ಅಷ್ಟೂ ಮಾಂಸದ ರಸ ಅದರಲ್ಲಿ ಇಳಿದಿರುತ್ತದೆ. ಚೆನ್ನಾಗಿ ಕುದಿಸಿ ಬಟ್ಟಲಿಗೆ ಹಾಕಿ ಕೊಡಿ. ದೊಡ್ಡವರು ಸ್ವಲ್ಪ ಶೆರ್ರಿ ವೈನ್ ಬೆರೆಸಿ ಕುಡಿಯುತ್ತಾರೆ.

ಎಣ್ಣೆಯದ್ದು ಫಾಂಡ್ಯೂ ಬೂರ್ಗಿನ್ಯೋನ್. ದನದ ಮಾಂಸದ ತುಂಡುಗಳನ್ನು ಕಾದ ಎಣ್ಣೆಯಲ್ಲಿ ಕರಿಯುವುದು. ರುಚಿ ಜಾಸ್ತಿ, ನಿಜ. ಆದರೆ ಮಕ್ಕಳ ಕೈ ಎಟುಕುವ ಮೇಜಿನ ಮೇಲೆ ಕುದಿಯುವ ಎಣ್ಣೆ ನನಗಂತೂ ಬೇಡ. ದೊಡ್ಡವರಷ್ಟೇ ಇರುವ ದಿನ ಮಾಡಿ. ಮಾಂಸದ ನೀರು ಚೆನ್ನಾಗಿ ಒರೆಸಿ, ಇಲ್ಲವಾದರೆ ಎಣ್ಣೆ ಸಿಡಿಯುತ್ತದೆ.

ಕೋಳಿ ಇಟ್ಟರೆ ಪೂರ್ತಿ ಬೇಯಲೇಬೇಕು. ಹಸಿ ಮಾಂಸಕ್ಕೆ ಬೇರೆ ತಟ್ಟೆ, ತಿನ್ನುವುದಕ್ಕೆ ಬೇರೆ ತಟ್ಟೆ, ಬೇರೆ ಫೋರ್ಕ್. ಸಸ್ಯಾಹಾರಿಗಳು ಬರುವುದಾದರೆ ತರಕಾರಿ ಸಾರಿನ ಇನ್ನೊಂದು ಪಾತ್ರೆ ಇಡಿ. ಅಣಬೆ, ಪನೀರ್ ಎರಡೂ ಅದರಲ್ಲಿ ಚೆನ್ನಾಗಿರುತ್ತವೆ.